ತಿರುಗಿ ನೋಡಿದ ಸಿಪಾಯಿ

ಸಾಬರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡರ ತುದಿಯಲ್ಲೂ ಕೂದಲೆಳೆಯಷ್ಟು ಸಣ್ಣ ಗಾಯದ ಗೆರೆಗಳು ಅಡ್ಡಡ್ಡಕ್ಕೆ ತುಂಬಿದ್ದವು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ತಾಗಿ ಒಂದು ಗಳಿಗೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಏನೂ ಆಗಿಲ್ಲವೆಂಬಂತೆ ಉಣ್ಣುತ್ತಿದ್ದರು. ಸಿನಿಮಾದ ರೀಲನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸುತ್ತುವಾಗ ಫಿಲ್ಮಿನ ಎರಡೂ ಅಂಚು ಆ ಬೆರಳುಗಳ ನಡುವೆ ಹಾದುಹೋಗಬೇಕು. ಎಲ್ಲಿ ಸೀಳಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತಿತ್ತು. ಬೆರಳಿಗೆ ತಿಳಿಯುವುದೆಂದರೆ ಬೆರಳು ಕೊಯ್ದುಕೊಳ್ಳುವುದು.

ನಮ್ಮದು ಡೇರೆ ಸಿನಿಮಾ. ಮಂಡ್ಯದಲ್ಲಿ ಕೆಲವು ತಿಂಗಳು, ಮದ್ದೂರಿನಲ್ಲಿ ಕೆಲವು ತಿಂಗಳು, ಆಮೇಲೆ ಮಳವಳ್ಳಿ, ಮತ್ತೆ ಮಂಡ್ಯ. ಸಾಬರು ಅಲ್ಲಿ ಯಂತ್ರ ನಡೆಸುವ ಆಪರೇಟರು. ಮಳವಳ್ಳಿಯ ಮುಸ್ಲಿಂ ಮನೆತನದವರು. ನಾವೆಲ್ಲ ಸಾಬರು ಎನ್ನುತ್ತಿದ್ದೆವು. ಐವತ್ತರ ಹತ್ತಿರ ವಯಸ್ಸು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹುಡುಗರಾಗಿದ್ದಾಗ ಜಲಪಾತದ ಪಕ್ಕದ ಬ್ಲಫಿನಲ್ಲಿದ್ದ ಕರೆಂಟಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸ ಮಾಡಿ, ಅಲ್ಲಿಂದ ಸಿನಿಮಾ ಯಂತ್ರಕ್ಕೆ ಬಂದವರು. ಮಾತಿನ ನಡುವೆ ಉಸಿರು ಬಿಡುವ ಹಾಗೆ "ಸಾಕಾಗದೆ ಕಣಪ್ಪ" ಎನ್ನುತ್ತಿದ್ದರು. ದಣಿವಾಗಿದೆ ಎಂದು ಅದರ ಅರ್ಥ, ಆದರೆ ಅದು ದೂರಲ್ಲ. ಬೇರೆಯವರು ರಾಮ ಅನ್ನುವ ಹಾಗೆ ಅವರು ಅದನ್ನು ಅನ್ನುತ್ತಿದ್ದರು.

ನಾನು ಆ ಡೇರೆ ಸೇರಿದ್ದು ಯುದ್ಧದ ಕಾಲದಲ್ಲಿ, ಇಪ್ಪತ್ತಮೂರನೇ ವಯಸ್ಸಿನಲ್ಲಿ. ಕಾಲೇಜಿನ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದೆ. ಸಿನಿಮಾ ನೋಟೀಸು ಬರೆಯುವುದು, ಅಚ್ಚಾದ ಮೇಲೆ ಜಟಕಾದಲ್ಲಿ ಹಳ್ಳಿ ಸುತ್ತಿ ಹಂಚುವುದು, ತಗಡಿನ ತುತ್ತೂರಿಯಲ್ಲಿ ಕೂಗಿ ಹೇಳುವುದು ನನ್ನ ಕೆಲಸ. ನೋಟೀಸಿನ ನಡುವೆ "ನೋಡಲೇಬೇಕಾದ ದೃಶ್ಯ" ಎಂದು ದಪ್ಪಕ್ಷರದಲ್ಲಿ ಒಂದನ್ನು ಬರೆಯಬೇಕಿತ್ತು. ಮೊದಲ ಸಲ ಬಂದದ್ದು ಒಂದು ತಮಿಳು ಚಿತ್ರ. ಅದರಲ್ಲಿ ಮಂತ್ರವಾದಿ ಬೆಂಕಿ ಉಗುಳುತ್ತಾನೆ, ಅರಮನೆ ಹೊತ್ತಿ ಉರಿಯುತ್ತದೆ. ಅದನ್ನೇ ಬರೆದು ಹೆಮ್ಮೆಯಿಂದ ಸಾಬರಿಗೆ ಓದಿ ತೋರಿಸಿದೆ.

ಅವರು ಫಿಲ್ಮು ಸುತ್ತುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. "ಜನ ಬತ್ತಾರೆ. ಆದ್ರೆ ಇದು ಒಳ್ಳೆ ಸೀನಲ್ಲ ಕಣಪ್ಪ."

"ಮತ್ತೆ ಯಾವುದು ಸಾಬ್ರೆ?"

"ನನ್ನ ಯಾಕ್ ಕೇಳ್ತೀಯ? ಒಂದೊಂದ್ ಪಿಚ್ಚರು ಐವತ್ ಸಲ ನೋಡ್ತೀನಿ. ಸಾಕಾಗದೆ. ನೋಡ್ದೋರ್ನ ಕೇಳೋಗು. ಇವತ್ತೇ ಕೇಳ್ಬ್ಯಾಡ. ಮೂರ್ ದಿನ ಬುಟ್ಟು ಕೇಳು."

ಮೂರು ದಿನ ಕಳೆದು ನೋಟೀಸು ಹಂಚಲು ಆತಗೂರಿನ ಕಡೆ ಹೋದಾಗ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರನ್ನು ಕೇಳಿದೆ. ಅವರಲ್ಲಿ ನಾಲ್ಕೈದು ಜನ ಆ ಚಿತ್ರ ನೋಡಿದ್ದರು. ಬೆಂಕಿಯ ಮಾತನ್ನು ಒಬ್ಬರೂ ಎತ್ತಲಿಲ್ಲ.

ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿಕೊಂಡು ಹೇಳಿದಳು. "ಆ ರಾಣಿ ಕಾಡ್ಗೆ ಒಂಟೋಯ್ತಾಳಲ್ಲ, ಬಾಗ್ಲು ದಾಟ್ದೋಳು ತಿರ್ಗ ಒಳಕ್ಕೆ ಬಂದು ಆಲಿನ್ ಗಡಿಗೆ ಮ್ಯಾಲೆ ತಟ್ಟೆ ಮುಚ್ಚುದ್ಲು ನೋಡಿ, ಅದು."

ಪಕ್ಕದವಳು ಅಂದಳು: "ಅರಮನೇನೇ ಬುಟ್ಟೋಯ್ತಾವ್ಳೆ. ಆ ಆಲ್ನ ಇನ್ಯಾರ್ ಕುಡೀತಾರೆ?"

"ಯಾರಾರ ಕುಡೀಲಿ. ಬೆಕ್ಕು ಬಾಯ್ ಆಕ್ಬಾರ್ದಲ್ಲ."

ಅವರಿಗೆ ತಮಿಳು ಬರುತ್ತಿರಲಿಲ್ಲ. ಆ ಜಾಗದಲ್ಲಿ ಮಾತೂ ಇರಲಿಲ್ಲ, ಹಾಡೂ ಇರಲಿಲ್ಲ. ನಾನು ಆ ಚಿತ್ರವನ್ನು ಎರಡು ಸಲ ನೋಡಿದ್ದರೂ ಹಾಲಿನ ಗಡಿಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಂದು ಸಾಬರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಜಾಗ ಬಂದಾಗ ಹೆಂಗಸರ ಕಡೆ ಎಲೆ ಅಡಿಕೆ ಅಗಿಯುವ ಸದ್ದು ನಿಂತುಬಿಡುತ್ತದೆ, ಯಂತ್ರದ ಗದ್ದಲದಲ್ಲೂ ಅದು ತಮಗೆ ಗೊತ್ತಾಗುತ್ತದೆ ಎಂದರು. ಆ ಚಿತ್ರ ಇನ್ನೊಂದು ವಾರ ಓಡುವುದಿತ್ತು, ನಾನು ಅದರ ನೋಟೀಸು ತಿದ್ದಿ ಬರೆದೆ. ಡೇರೆಯ ಯಜಮಾನರು ಓದಿ, ಹಾಲಿನ ಗಡಿಗೆ ನೋಡಲು ಯಾರು ಗಾಡಿ ಕಟ್ಟಿಕೊಂಡು ಬರುತ್ತಾರೆ ಎಂದು ಬೈದು, ಬೆಂಕಿಯನ್ನು ಮೇಲೆ ದಪ್ಪಗೆ, ಗಡಿಗೆಯನ್ನು ಕೆಳಗೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿಸಿದರು.

ಆಮೇಲಿನಿಂದ ಹಗಲು ಹೊತ್ತು ಸಾಬರ ಬಳಿ ಕೂರುವುದು ನನಗೆ ರೂಢಿಯಾಯಿತು. ನಮ್ಮ ಡೇರೆಗೆ ಬರುವ ಹೊತ್ತಿಗೆ ಚಿತ್ರಗಳು ಹತ್ತಾರು ಊರು ಸುತ್ತಿ ಹಣ್ಣಾಗಿರುತ್ತಿದ್ದವು. ಜನ ಇನ್ನೊಂದು ಸಲ ಎಂದು ಕೂಗಿದಲ್ಲೆಲ್ಲ ಯಾವ ಊರಿನ ಆಪರೇಟರಾದರೂ ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಬಿಡಬೇಕು. ಅಲ್ಲಿ ಫಿಲ್ಮು ಹರಿಯುತ್ತದೆ. ಹರಿದದ್ದನ್ನು ಅಂಟಿಸುವಾಗ ಫಿಲ್ಮಿನ ಒಂದೆರಡು ಚೌಕ ಕತ್ತರಿಸಿ ಎಸೆಯಬೇಕಾಗುತ್ತದೆ. ಒಂದು ಮಧ್ಯಾಹ್ನ ಅಂಟಿನ ಕುಂಚ ಹಿಡಿದು ಅವರು ಹೇಳಿದರು. "ಪಾರ್ಸೆಲ್ ಬಿಚ್ಚಿ ಬೆರಳಾಡ್ಸಿದ್ರೆ ಸಾಕು, ಯಾವ್ದು ಒಳ್ಳೆ ಸೀನು ಅಂತ ಗೊತ್ತಾಯ್ತದೆ. ಅಲ್ಲೇ ತ್ಯಾಪೆ ಜಾಸ್ತಿ. ಜನ ಇಷ್ಟಪಟ್ಟು ಇಷ್ಟಪಟ್ಟು ಅದ್ನೇ ಮುಗಿಸ್ತಾರೆ." ಕತ್ತರಿಸಿದ ಚೂರುಗಳನ್ನು ಬೇರೆ ಕಡೆ ಕೆಲವರು ಮಾರಿಕೊಳ್ಳುತ್ತಿದ್ದರಂತೆ. ಸಾಬರು ಅವನ್ನು ನೆಲದಲ್ಲಿ ಹೂತುಬಿಡುತ್ತಿದ್ದರು. ಫಿಲ್ಮು ಭಗ್ಗನೆ ಹೊತ್ತಿಕೊಳ್ಳುವಂಥದು, ಒಲೆಯ ಹತ್ತಿರ ಒಂದು ಚೂರು ಬಿದ್ದರೂ ಡೇರೆ ಉಳಿಯುವುದಿಲ್ಲ ಎಂಬ ಭಯ ಅವರಿಗೆ.

ಆ ದಿನಗಳಲ್ಲಿ ಚಿತ್ರಕ್ಕೆ ಮೊದಲು ಯುದ್ಧದ ಸುದ್ದಿಯ ರೀಲನ್ನು ತೋರಿಸಲೇಬೇಕೆಂದು ಸರ್ಕಾರದ ಕಟ್ಟಳೆ ಇತ್ತು. ಅದು ಶುರುವಾದರೆ ಗಂಡಸರು ಬೀಡಿ ಸೇದಲು ಹೊರಗೆ ಹೋಗುತ್ತಿದ್ದರು. ಮಂಡ್ಯದಲ್ಲಿ ಡೇರೆ ಇದ್ದಾಗ, ಒಂದು ಮುಸ್ಸಂಜೆಯ ಆಟದಲ್ಲಿ, ಹಡಗಿನಿಂದ ಸಿಪಾಯಿಗಳು ಇಳಿದು ಬರುವುದನ್ನು ತೋರಿಸುತ್ತಿದ್ದರು. ಅವರಲ್ಲೊಬ್ಬ ಮುಂದೆ ಸಾಗಿ, ಹಿಂದಿನಿಂದ ಯಾರೋ ಕರೆದಂತೆ ತಿರುಗಿ ನೋಡಿ, ಮುಖ ಒರೆಸಿಕೊಂಡು ಹೋಗುತ್ತಾನೆ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದು ನಿಂತು, "ನಮ್ ಐದ, ನನ್ ಮಗ ಕಣಮ್ಮ ಅದು" ಎಂದಳು. ಅಷ್ಟೇ ಅಂದು ಕುಸಿದು ಕೂತಳು.

ಮಾರನೇ ದಿನ ಹಗಲಿನಲ್ಲೇ ಬಂದಳು. ಕೆರಗೋಡಿನವಳು. ಒಬ್ಬನೇ ಮಗ ಪಟ್ಟಾಳಂ ಸೇರಿದ್ದ. ಎಂಟು ತಿಂಗಳಿಂದ ಕಾಗದ ಬಂದಿರಲಿಲ್ಲ. ಸಾಬರ ಮುಂದೆ ನಿಂತು ಸೆರಗು ಎಳೆದುಕೊಂಡು, "ಇವತ್ತೂ ಬಿಡ್ತೀರಾ ಅದ್ನ?" ಎಂದು ಕೇಳಿದಳು. ಬಿಡುತ್ತೇವೆ ಎಂದರು ಸಾಬರು. ಆ ಸಂಜೆ ಅವಳ ಸಲುವಾಗಿ ಸಿಪಾಯಿ ತಿರುಗುವ ಜಾಗವನ್ನು ಎರಡು ಸಲ ಬಿಟ್ಟರು. ಯಾರೂ ಕೇಳದೆ ಅವರು ರೀಲನ್ನು ಹಿಂದಕ್ಕೆ ಸುತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೀಗೆ ನಾಲ್ಕು ದಿನ ಅವಳು ಕೆರಗೋಡಿನ ಬಸ್ಸು ಹಿಡಿದು ಬಂದಳು. ಸುದ್ದಿಯ ರೀಲು ಮುಗಿದ ಕೂಡಲೇ ಎದ್ದು ಹೋಗುತ್ತಿದ್ದಳು. ಮುಂದಿನ ಚಿತ್ರ ಯಾವುದೆಂದು ಸಹ ಅವಳಿಗೆ ಗೊತ್ತಿರಲಿಲ್ಲ.

ನಾಲ್ಕನೇ ದಿನ ಸಾಬರು ಅವಳನ್ನು ಕೇಳಿದ್ದರು. "ಅವ್ವಾ, ನಿನ್ ಮಗುನ್ಗೆ ಏನಾರ ಗುರ್ತು ಅದಾ?" ಬಲಗಿವಿ ಹರಿದಿದೆ, ಚಿಕ್ಕವನಿದ್ದಾಗ ಎತ್ತು ಕೊಂಬಾಡಿಸಿತ್ತು ಎಂದಳಂತೆ. ಐದನೇ ದಿನ ಬೆಳಿಗ್ಗೆ ನಾನು ಹೋದಾಗ ಸಾಬರು ಡೇರೆಯ ಹಿಂದೆ ಬೆಳಕಿಗೆ ಫಿಲ್ಮು ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಕೂತಿದ್ದರು. ತುಂಬ ಹೊತ್ತಿನಿಂದ ಕೂತಿದ್ದಿರಬೇಕು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕಿವಿ ನೆಟ್ಟಗದೆ," ಎಂದರು.

ನನಗೆ ತಕ್ಷಣ ತೋಚಿದ್ದನ್ನು ಹೇಳಿದೆ. "ಹೇಳಬೇಡಿ ಸಾಬ್ರೆ. ನಾಳೆ ರೀಲು ವಾಪಸ್ಸು ಹೋಗುತ್ತದೆ. ಅವಳು ಅವನೇ ಅಂದುಕೊಂಡು ಇರಲಿ."

"ನಾನಾಗಿ ಹೇಳಕ್ಕೋಗಲ್ಲ. ಕೇಳುದ್ರೆ ಏನ್ ಮಾಡ್ಲಿ?"

ಅವಳು ಕೇಳಿಯೇಬಿಟ್ಟಳು. ಮಧ್ಯಾಹ್ನವೇ ಬಂದವಳು ಭೂತಗನ್ನಡಿ ಕಂಡು, ಅದರಲ್ಲಿ ನೋಡಿದಿರಾ, ಕಿವಿ ಹೇಗಿದೆ ಎಂದಳು. ಸಾಬರು ಫಿಲ್ಮನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯನ್ನು ಅವಳ ಕೈಗೆ ಕೊಟ್ಟು, ಎಲ್ಲಿ ನೋಡಬೇಕೆಂದು ಬೆರಳಿಟ್ಟು ತೋರಿಸಿದರು. ಅವಳಿಗೆ ಒಂದು ಕಣ್ಣು ಮುಚ್ಚಿ ನೋಡಲು ಬರುತ್ತಿರಲಿಲ್ಲ. ಅಂಗೈಯಿಂದ ಒಂದು ಕಣ್ಣು ಮುಚ್ಚಿಕೊಂಡು ನೋಡಿದಳು. ನಾನು ಬೇರೆ ಕಡೆ ತಿರುಗಿ ನಿಂತೆ. ಪಕ್ಕದ ರಸ್ತೆಯಲ್ಲಿ ಕಬ್ಬಿನ ಗಾಡಿಗಳ ಸಾಲು ಹೋಗುತ್ತಿತ್ತು. ಅದು ಪೂರ್ತಿ ದಾಟಿ ಹೋದರೂ ಅವಳು ನೋಡುತ್ತಲೇ ಇದ್ದಳು.

ಕಡೆಗೆ ಭೂತಗನ್ನಡಿ ಕೆಳಗಿಳಿಸಿ, "ನಮ್ ಐದ ಅಲ್ಲ" ಎಂದಳು. ಭೂತಗನ್ನಡಿಯನ್ನು ಸಾಬರಿಗೆ ಹಿಂದಕ್ಕೆ ಕೊಡುತ್ತ, "ಯಾರ್ ಮಗುನೋ. ಒಸಿ ಬಡವಾಗವ್ನೆ" ಎಂದಳು.

ಸಾಬರು ಫಿಲ್ಮು ಸುತ್ತತೊಡಗಿದರು. ಅವಳು ಹೋಗಲಿಲ್ಲ. "ಸಂದ್ಗೆ ಬಿಡ್ತೀರಲ್ಲ?" ಎಂದು ಕೇಳಿದಳು.

"ನಿನ್ ಮಗ ಅಲ್ಲ ಅಂದ್ಯಲ್ಲವ್ವಾ."

"ಅವ್ರವ್ವ ಎಲ್ಲವ್ಳೋ ಏನೋ. ಅವ್ಳು ನೋಡಕ್ಕಾಯ್ತದಾ? ಬಂದಿದೀನಿ, ನಾನೇ ಒಂದ್ ಸಲ ನೋಡ್ಕೊಂಡೋಯ್ತೀನಿ."

ಸಂಜೆ ಬಿಟ್ಟರು. ಅವಳು ಕೂತು ನೋಡಿದಳು. ಸಿಪಾಯಿ ತಿರುಗಿದಾಗ ಅವಳ ಕೈ ಸೆರಗಿನೊಳಗಿಂದ ಅರ್ಧ ಮೇಲಕ್ಕೆ ಬಂದು ನಿಂತಿತು, ದೂರ ಹೋಗುವವರಿಗೆ ಹೋಗಿ ಬಾ ಎನ್ನುವಾಗ ಬರುವ ಹಾಗೆ. ನಾನು ತಡಿಕೆಯ ಸಂದಿಯಿಂದ ಅವಳನ್ನೇ ನೋಡುತ್ತಿದ್ದೆ. ಅಂದು ನನಗೆ ಪರದೆಯ ಮೇಲಿನದು ಯಾವುದೂ ಕಾಣಲಿಲ್ಲ.

ಆ ಜಾಗದ ಒಂದು ಚೌಕವನ್ನಾದರೂ ಕತ್ತರಿಸಿ ಅವಳಿಗೆ ಕೊಡಿ, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ಸಾಬರನ್ನು ಕೇಳಿದೆ. ಅವರು ಒಪ್ಪಲಿಲ್ಲ. "ಕತ್ರಿಸಿದ್ರೆ ಅದು ಬರೀ ಒಂದ್ ಮೊಕ. ಅದ್ರಲ್ಲಿ ಅವ್ನು ತಿರುಗಲ್ಲ. ಅವ್ನು ಒಯ್ತಿದ್ದ, ತಿರುಗ್ದ, ತಿರ್ಗ ಒಂಟೋದ. ಮೂರೂ ಇದ್ರೆ ತಾನೆ ಆ ಅವ್ವ ಎದ್ ನಿಂತಿದ್ದು." ಅಷ್ಟು ಉದ್ದ ಮಾತಾಡಿದ್ದಕ್ಕೇ ದಣಿದವರಂತೆ ಗೋಣಿಯ ಮೇಲೆ ಒರಗಿಕೊಂಡರು. ನಾನು ಆಮೇಲೆ ಪುಸ್ತಕ ಬರೆಯುವವನಾದೆ. ದೃಶ್ಯ ಎಂದರೇನು ಎಂದು ನನಗೆ ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಿಲ್ಲ.

ಸುಗ್ಗಿಯ ಹೊತ್ತಿಗೆ ಕೆರಗೋಡಿನ ಬಸ್ಸಿನ ಕಂಡಕ್ಟರು ಸುದ್ದಿ ತಂದ. ಮುದುಕಿಗೆ ಸರ್ಕಾರದ ಕಾಗದ ಬಂದಿತ್ತು. ಮಗ ಬರ್ಮಾದ ಕಡೆ ಸತ್ತು ವರ್ಷದ ಮೇಲಾಗಿತ್ತಂತೆ. ಅವಳು ನಮ್ಮ ಡೇರೆಯಲ್ಲಿ ಎದ್ದು ನಿಂತ ದಿನ ಅವನು ಬದುಕಿರಲಿಲ್ಲ. ಸಾಬರು ಕೇಳಿಸಿಕೊಂಡು ಯಂತ್ರದ ಕೋಣೆಗೆ ಹೋದರು. ಆ ಸಂಜೆ ಪರದೆಯ ಮೇಲಿನ ಚಿತ್ರ ಮಂಜಾಗಿ, ಜನ ಸಿಳ್ಳೆ ಹಾಕಿ ಕೂಗಿದರೂ ತುಂಬ ಹೊತ್ತು ಸರಿಹೋಗಲಿಲ್ಲ. ನಾನು ಯಂತ್ರದ ಕೋಣೆಗೆ ಓಡಿಹೋದೆ. ಅವರು ಯಂತ್ರದ ಪಕ್ಕದಲ್ಲೇ ನಿಂತಿದ್ದರು. ಪರದೆ ಕಾಣುವ ಗಾಜಿನ ಕಿಂಡಿಯ ಕಡೆ ಬೆನ್ನು ಮಾಡಿದ್ದರು.

ಯುದ್ಧ ಮುಗಿದ ಮೇಲೆ ಅವರ ಕಣ್ಣು ಹಾಳಾಗುತ್ತ ಬಂತು. ಯಂತ್ರದೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಬೆಳಕನ್ನು ಇಪ್ಪತ್ತು ವರ್ಷ ನೋಡಿದ ಕಣ್ಣು. ಅದರ ಹೊಗೆಯ ಕೆಮ್ಮೂ ಜೊತೆಗೆ ಸೇರಿತು. ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಡೇರೆ ಬಿಚ್ಚಿದಾಗ ಅವರು ಮಳವಳ್ಳಿಯಲ್ಲಿದ್ದ ತಂಗಿಯ ಮನೆಗೆ ಹೋದರು, ಮತ್ತೆ ಬರಲಿಲ್ಲ. ನಾನು ನೋಡಲು ಹೋದೆ. ಜಗುಲಿಯ ಮೇಲೆ ಚಾಪೆ ಹಾಸಿ ಮಲಗಿಸಿದ್ದರು. ನನ್ನ ದನಿ ಗುರುತು ಹಿಡಿದು, ಪಕ್ಕದಲ್ಲಿ ಕೂರಿಸಿಕೊಂಡರು.

"ಬೀದೀಲಿ ಏನೇನ್ ನಡೀತಾ ಅದೆ ಹೇಳು," ಎಂದರು.

ಮಳೆ ನಿಂತಿತ್ತು. ಜಟಕಾ ಬಂತು ಎಂದೆ. ಇಬ್ಬರು ಜಗಳವಾಡುತ್ತಿದ್ದಾರೆ ಎಂದೆ. ಅವರು ಬೇಡ ಎನ್ನುವಂತೆ ಕೈಯಾಡಿಸಿದರು. ಆಮೇಲೆ, ಏಳೆಂಟು ವರ್ಷದ ಹುಡುಗಿಯೊಬ್ಬಳು ಲಾಟೀನಿನ ಹೊಸ ಗಾಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದಾಳೆ ಎಂದೆ.

"ಊಂ. ಅದ್ನ ಹೇಳು."

ಅವಳು ನಿಂತದ್ದು, ಗುಂಡಿ ಬಳಸಿದ್ದು, ಎದುರಿಗೆ ಬಂದ ಎಮ್ಮೆಗೆ ಹೆದರಿ ಗೋಡೆಗೆ ಆತುಕೊಂಡದ್ದು, ಎಲ್ಲ ಹೇಳಿದೆ. ಬೀದಿಯ ಕೊನೆಯಲ್ಲಿ ತಿರುವು ತಿರುಗಿದಳು, ಇನ್ನು ಕಾಣುತ್ತಿಲ್ಲ ಎಂದೆ.

"ಮನೆ ಸೇರುದ್ಲಾ?"

"ಗೊತ್ತಿಲ್ಲ ಸಾಬ್ರೆ."

"ನೋಡ್ಕೊಂಡ್ ಬಾ."

ನನಗೂ ದಣಿವಾಗಿತ್ತು. ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಆದರೂ ಎದ್ದು ಹೋದೆ. ತಿರುವಿನಾಚೆ ಮೂರನೇ ಮನೆಯ ಹೊಸಿಲ ಮೇಲೆ ಅವಳ ತಾಯಿ ಗಾಜನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹುಡುಗಿ ಕಾಲು ತೊಳೆದುಕೊಳ್ಳುತ್ತಿದ್ದಳು. ಬಂದು ಹಾಗೆಯೇ ಹೇಳಿದೆ. ಸಾಬರು ತಲೆಯಾಡಿಸಿ ಗೋಡೆಯ ಕಡೆ ಮಗ್ಗುಲಾದರು. ಸ್ವಲ್ಪ ಹೊತ್ತಿಗೆ ನಿದ್ದೆ ಹತ್ತಿತು. ನಾನು ಎಬ್ಬಿಸದೆ ಬಸ್ಸಿಗೆ ಹೊರಟೆ.

ಅವರು ತೀರಿಕೊಂಡದ್ದು ಅದಾದ ಒಂಬತ್ತನೇ ದಿನ. ಸುದ್ದಿ ಮಂಡ್ಯ ತಲುಪುವ ಹೊತ್ತಿಗೆ ಮಣ್ಣಾಗಿತ್ತು. ನಾನು ಹೋದಾಗ ಅವರ ತಂಗಿ ಒಂದು ಲೋಟ ಚಹಾ ಕೊಟ್ಟು, ಅವತ್ತು ನೀವು ಹೋದ ಮೇಲೆ ಅಣ್ಣನಿಗೆ ಎಚ್ಚರವಾಗಿ ನಿಮ್ಮನ್ನು ಕೇಳಿದ, ಹೋದರು ಅಂದೆ, ಬಸ್ಸು ಸಿಕ್ಕಿತೋ ಇಲ್ಲವೋ ನೋಡಿಕೊಂಡು ಬಾ ಎಂದು ನನ್ನನ್ನು ಅಟ್ಟಿದ ಎಂದರು. ಮತ್ತೆ ಹಿಡಿದಿದ್ದ ಮಳೆಯಲ್ಲಿ ಬಸ್ ನಿಲ್ಲುವ ಜಾಗದ ತನಕ ಬಂದು, ನಾನು ಹತ್ತಿದ್ದನ್ನು ನೋಡಿ, ಆಕೆ ಹಿಂದಕ್ಕೆ ಹೋಗಿ ಅಣ್ಣನಿಗೆ ಹೇಳಿದ್ದರು. ನನಗೆ ಅದು ಗೊತ್ತೇ ಇರಲಿಲ್ಲ.