ತವರಿಗೆ ಬಂದ ಕಂಪ್ಯೂಟರ್

ಟೈಪ್ ಮಾಡಲು ಕೂತಾಗ ಟೀಚರಮ್ಮ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈಯವರೆಗೆ ಏರಿಸಿ, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ಬಳೆಯ ಸದ್ದು ಕೇಳಿದರೆ ಬೆರಳು ತಾಳ ಹಾಕಲು ಹೋಗಿ ತಪ್ಪು ಬೀಳುತ್ತದೆ ಎಂಬುದು ಅವರ ವಾದ. ಮಧ್ಯಾಹ್ನ ಬ್ಯಾಂಡ್ ಕಳಚಿದ ಕೂಡಲೇ ಬಳೆಗಳೆಲ್ಲ ಘಲ್ಲೆಂದು ಮಣಿಕಟ್ಟಿಗೆ ಇಳಿಯುತ್ತಿದ್ದವು. ಅದನ್ನು ಕೇಳಿಯೇ ಕೆಳಗಿನ ಸೈಕಲ್ ಅಂಗಡಿಯವನು ಊಟಕ್ಕೆ ಏಳುತ್ತಿದ್ದ.

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಮಹಡಿಯೊಂದರಲ್ಲಿ ಅವರ ಟೈಪಿಂಗ್ ಶಾಲೆ. ಎಂಬತ್ತರ ದಶಕದಲ್ಲಿ ಊರಿನ ಅರ್ಧ ಗುಮಾಸ್ತರು ಅಲ್ಲೇ ತಯಾರಾದವರು. ನಾನೂ ಅಲ್ಲೇ ಕಲಿತೆ, ಆದರೆ ಗುಮಾಸ್ತನಾಗದೆ ಹೈಸ್ಕೂಲು ಮೇಷ್ಟ್ರಾದೆ. ಆ ಬೇಸರ ಅವರಿಗೆ ಕೊನೆಯವರೆಗೂ ಇತ್ತು.

ತೊಂಬತ್ತರ ದಶಕದಲ್ಲಿ ಟೈಪ್‌ರೈಟರುಗಳ ಪಕ್ಕಕ್ಕೆ ಕಂಪ್ಯೂಟರ್ ಬಂತು. ಟೀಚರಮ್ಮ ಅದನ್ನು ‘ಇವಳು’ ಎನ್ನುತ್ತಿದ್ದರು. ಸ್ವಿಚ್ ಹಾಕಿದ ಮೇಲೆ ತಡ ಮಾಡಿದರೆ ಇವಳಿಗೆ ಏಳೋಕೆ ಸೋಮಾರಿತನ ಎಂದು ಬೈಯುತ್ತಿದ್ದರು. ಜಂಗಮಕೋಟೆಯಿಂದ ಕಲಿಯಲು ಬರುತ್ತಿದ್ದ ಹುಡುಗಿಯರು ಬಸ್ಸು ತಪ್ಪಿಸಿಕೊಳ್ಳಬಾರದೆಂದು ಅದರ ಗಡಿಯಾರವನ್ನೂ ಗೋಡೆ ಗಡಿಯಾರದಂತೆ ಹತ್ತು ನಿಮಿಷ ಮುಂದೆ ಇಟ್ಟಿದ್ದರು. ಕರೆಂಟ್ ಆಫೀಸಿನಿಂದ ನಿವೃತ್ತರಾಗಿ ಮೂಲೆಯಲ್ಲಿ ಪೇಪರ್ ಓದುತ್ತ ಕೂರುತ್ತಿದ್ದ ಅವರ ಯಜಮಾನರು, ಕಬ್ಬಿಣದ ಡಬ್ಬದ ಜೊತೆ ಏನು ಮಾತು ಎಂದು ನಗುತ್ತಿದ್ದರು.

ನನ್ನ ಎಂ.ಫಿಲ್. ಪ್ರಬಂಧ ಟೈಪ್ ಮಾಡಿದವರು ಟೀಚರಮ್ಮನೇ. ಅದನ್ನು ಒಪ್ಪಿಸಿದರೆ ಚಿಂತಾಮಣಿಯ ಕಾಲೇಜಿನಲ್ಲಿ ನನಗೆ ಕೆಲಸ. ಗೌರಿಹಬ್ಬ ಕಳೆದ ಮರುವಾರವೇ ಕೊನೆಯ ದಿನ. ಪೂರ್ತಿ ತಿದ್ದುವ ತನಕ ಒಂದು ಹಾಳೆಯನ್ನೂ ಪ್ರಿಂಟ್ ತೆಗೆಯಬಾರದೆಂಬುದು ಅವರ ಕಟ್ಟಪ್ಪಣೆ. ಟೈಪಾದ ಕೈಬರಹದ ಹಾಳೆಗಳನ್ನು ರೇಷ್ಮೆಹುಳುವಿನ ತಟ್ಟೆಗೆ ಹಾಸಲು ನಮ್ಮ ಅತ್ತಿಗೆ ಕೇಳಿದಾಗ ನಾನು ಕರ್ಣನಂತೆ ಕೊಟ್ಟುಬಿಟ್ಟಿದ್ದೆ.

ಅಷ್ಟರಲ್ಲಿ ಹೊಸ ಕಂಪ್ಯೂಟರ್ ಬಂತು. ಟೀಚರಮ್ಮ ಹಳೆಯದರ ಪರದೆಯ ಮೇಲಿದ್ದ ಪುಟ್ಟ ಚಿತ್ರಗಳನ್ನೆಲ್ಲ ಒಂದೊಂದಾಗಿ ಎಳೆದು ಫ್ಲಾಪಿಗೆ ಹಾಕಿಕೊಂಡರು. ಅಷ್ಟು ವರ್ಷದ ಸಂಸಾರ ಒಂದೇ ಫ್ಲಾಪಿಯಲ್ಲಿ ಹಿಡಿಸಿತು. ಅಚ್ಚುಕಟ್ಟಾಗಿ ಜೋಡಿಸಿದರೆ ಎಲ್ಲವೂ ಹಿಡಿಸುತ್ತದೆಂದು ನನಗೆ ಪಾಠವನ್ನೂ ಹೇಳಿದರು. ಹಳೆಯದನ್ನು ಮಂಚೇನಹಳ್ಳಿಯ ಗೊಬ್ಬರದ ಅಂಗಡಿಯವರಿಗೆ ಮಾರಿದ್ದಾಗಿತ್ತು. ಕಳಿಸುವ ದಿನ ಅರಿಶಿನ ಕುಂಕುಮ ಇಟ್ಟು, ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಕಟ್ಟಿ ಮಡಿಲು ತುಂಬಿದರು. ಇದಕ್ಕೆ ಮಡಿಲು ಎಲ್ಲಿದೆ ಎಂದು ಯಜಮಾನರು ಕೇಳಿದರು. ಟೀಚರಮ್ಮ ಗಂಟನ್ನು ಕೀಬೋರ್ಡಿನ ಮೇಲಿಟ್ಟರು.

ಹೊಸದರಲ್ಲಿ ಮೊದಲು ಗಡಿಯಾರ ಹತ್ತು ನಿಮಿಷ ಮುಂದೆ ಹೋಯಿತು. ಆಮೇಲೆ ಫ್ಲಾಪಿ ಹಾಕಿ ನನ್ನ ಪ್ರಬಂಧದ ಚಿತ್ರವನ್ನು ಒತ್ತಿದರು. ತೆರೆಯಲಿಲ್ಲ. ಯಾವುದೂ ತೆರೆಯಲಿಲ್ಲ. ಕಂಪ್ಯೂಟರ್ ಜೋಡಿಸಲು ಬಂದಿದ್ದವರು ಫ್ಲಾಪಿ ನೋಡಿ, ನೀವು ತಂದಿರುವ ಚಿತ್ರಗಳು ಬರೀ ಬಾಗಿಲ ಬೋರ್ಡುಗಳು, ಮನೆಗಳು, ಅಂದರೆ ಫೈಲುಗಳೆಲ್ಲ, ಹಳೆಯದರಲ್ಲೇ ಉಳಿದಿವೆ ಎಂದರು. ಮಂಚೇನಹಳ್ಳಿಗೆ ಫೋನ್ ಮಾಡಿದರೆ, ನಾಳೆ ಸಂಜೆ ಅದರಲ್ಲಿರುವುದನ್ನೆಲ್ಲ ಅಳಿಸಿ ಅಂಗಡಿಯ ಲೆಕ್ಕ ಹಾಕಿಸುತ್ತೇವೆ ಎಂಬ ಉತ್ತರ ಬಂತು. ಈಗಲೇ ಹೋಗಿ ವಾಪಸ್ ಕೇಳೋಣ ಎಂದೆ.

ಟೀಚರಮ್ಮ ನನ್ನನ್ನು ದುರುಗುಟ್ಟಿ ನೋಡಿದರು. “ಮಡಿಲು ತುಂಬಿ ಕಳ್ಸಿರೋ ಹೆಣ್ಣನ್ನ ವಾಪಸ್ ಕೊಡಿ ಅಂತ ಕೇಳ್ತಾರೇನೋ?”

ನನಗೆ ಅಳುವೊಂದೇ ಬಾಕಿ. ಅವರು ಕ್ಯಾಲೆಂಡರಿನ ಮುಂದೆ ಹೋಗಿ ಬೆರಳಿಟ್ಟು ದಿನ ಎಣಿಸಿದರು.

“ವಾಪಸ್ ಕೇಳೋದು ಬೇಡ ಕಣೋ. ಗೌರಿಹಬ್ಬ ಬಂತಲ್ಲ, ತವರಿಗೆ ಕರ್ಕೊಂಡ್ ಬರಣ.”

ಮರುದಿನ ಬಾಗಿನದ ಮೊರ ಹಿಡಿದು ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಮಂಚೇನಹಳ್ಳಿಗೆ ಹೋದೆವು. ಅಂಗಡಿಯವರು ನಮ್ಮ ಮಾತು ಕೇಳಿ ಬಿದ್ದು ಬಿದ್ದು ನಕ್ಕರು, ಆಮೇಲೆ ಖಡಾಖಂಡಿತವಾಗಿ ಆಗುವುದಿಲ್ಲ ಎಂದರು. ನಗುವಿನ ಸದ್ದಿಗೆ ಒಳಗಿಂದ ಅವರ ಮುದಿ ತಾಯಿ ಬಂದರು. ಟೀಚರಮ್ಮ ಮಗನನ್ನು ಬಿಟ್ಟು ತಾಯಿಯ ಕಡೆ ತಿರುಗಿ ಬಾಗಿನ ಕೊಟ್ಟು, ಮೊದಲನೇ ಗೌರಿಹಬ್ಬ, ಎರಡು ದಿನ ಕಳಿಸಿಕೊಡಿ ಎಂದರು. ಆಕೆ ನಗಲಿಲ್ಲ. ತೆಲುಗಿನಲ್ಲಿ ಮಗನಿಗೆ ಚೆನ್ನಾಗಿ ಬೈದು, ನಮಗೆ ಕನ್ನಡದಲ್ಲಿ ಹೇಳಿದರು:

“ಮೊದಲ್ನೇ ಹಬ್ಬಕ್ಕೆ ಹೆಣ್ಣುಮಗಳನ್ನ ಕಳ್ಸಲಿಲ್ಲ ಅಂದ್ರೆ ನಾಲ್ಕು ಜನ ನಮ್ಮನ್ನ ಏನಂತಾರಮ್ಮ? ಕರ್ಕೊಂಡೋಗು. ಊಟ ಮಾಡ್ಕೊಂಡು ಹೋಗ್ರಿ.”

ಬರುವಾಗ ಕಂಪ್ಯೂಟರ್ ಕಿಟಕಿ ಪಕ್ಕದ ಸೀಟಿನಲ್ಲಿ ಕೂತಿತ್ತು, ಟೀಚರಮ್ಮ ಪಕ್ಕದಲ್ಲಿ, ನಾನು ನಿಂತಿದ್ದೆ. ಕಂಡಕ್ಟರ್ ಲಗೇಜು ಎಂದು ತಗಾದೆ ತೆಗೆದಾಗ ಅವರು ಅದಕ್ಕೂ ಒಂದು ಪೂರ್ತಿ ಟಿಕೆಟ್ ತೆಗೆದುಕೊಂಡರು. ಎರಡು ದಿನ ಅವರ ಬಳೆಗಳು ಮೊಣಕೈಯಿಂದ ಇಳಿಯಲಿಲ್ಲ, ಫ್ಲಾಪಿಗಳ ಗುಡ್ಡೆಯೇ ಆಯಿತು. ಮೂರನೆಯ ದಿನ ಹೊಸ ರವಿಕೆ ಕಣದೊಂದಿಗೆ ಅವಳು ಗಂಡನ ಮನೆಗೆ ಹೊರಟಳು. ಪ್ರಬಂಧ ಹೊತ್ತಿಗೆ ಸರಿಯಾಗಿ ಸೇರಿತು. ನಾನು ಇವತ್ತು ಪಿಂಚಣಿ ಎಣಿಸುತ್ತಿರುವುದು ಆ ಎರಡು ದಿನದ ಪುಣ್ಯದಿಂದ.

ಕೆಲವು ವರ್ಷಕ್ಕೆ ಆ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋಯಿತು. ಎರಡು ಮನೆಗಳ ನಡುವೆ ಹಬ್ಬಕ್ಕೆ ಹೋಗಿಬರುವುದು ಮಾತ್ರ ನಿಲ್ಲಲಿಲ್ಲ.

ಟೀಚರಮ್ಮ ಮುತ್ತೈದೆಯಾಗಿಯೇ ಹೋದರು. ಅಂದು ಮಂಚೇನಹಳ್ಳಿಯ ಆ ತಾಯಿ, ಮಗನ ಭುಜ ಹಿಡಿದು ಬಂದು, ತಂದಿದ್ದ ಸೀರೆಯನ್ನು ಅವರಿಗೆ ಹೊದಿಸಿ ತಲೆಯ ಬಳಿ ಕೂತರು. ಬೀಗಿತ್ತಿಯಂತೆ ಸೀರೆ ತಂದಿದ್ದಾರಲ್ಲ, ಯಾರಿವರು ಎಂದು ನೆಂಟರು ಪಿಸುಗುಟ್ಟಿದರು. ಟೀಚರಮ್ಮನಿಗೆ ಮಕ್ಕಳೇ ಇರಲಿಲ್ಲ. ಆಗ ಯಜಮಾನರು ಕುರ್ಚಿಯಿಂದ ಎದ್ದು, ನೆಂಟರ ಕಡೆ ತಿರುಗಿದರು.

“ನಮ್ಮ ಬೀಗರು. ಮಗಳನ್ನ ಕೊಟ್ಟಿದ್ವಿ.”