ಹಸಿರು ಚುಕ್ಕಿ ಕಂಡದ್ದು ಯಾರ ಕಣ್ಣಿಗೆ

ಮದ್ದೂರಿನ ನಮ್ಮ ಮನೆಯ ನಡುಮನೆಯಲ್ಲಿ, ರಾಗಿ ಡ್ರಮ್ಮಿನ ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರಿದೆ. ಮಳವಳ್ಳಿಯಲ್ಲಿರುವ ನನ್ನ ತಮ್ಮನ ಕಸುಬು ಮದುವೆ ವಿಡಿಯೋ ತೆಗೆಯುವುದು. ಅವನು ತನಗೆ ಹೊಸದು ತೆಗೆದುಕೊಂಡಾಗ ಹಳೆಯದನ್ನು ನಮ್ಮಲ್ಲಿಗೆ ತಂದಿಟ್ಟ. ಜೊತೆಗೆ ಆಟದ ಸ್ಟೇರಿಂಗೊಂದನ್ನು ತಂದು ಮೇಜಿಗೆ ಬಿಗಿದ. ಅದು ಅವನ ಭಾವನಿಗಾಗಿ, ಎಂದರೆ ನಮ್ಮ ಯಜಮಾನರಿಗಾಗಿ.

ಯಜಮಾನರು ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೆಣ್ಣುಮಕ್ಕಳನ್ನು ಕರೆದೊಯ್ಯುವ ಬಸ್ಸಿನ ಡ್ರೈವರಾಗಿದ್ದರು. ಒಂದು ಬೆಳಿಗ್ಗೆ ಬಸ್ಸು ನಿಲ್ಲಿಸಿ ಟೀ ಕುಡಿಯುತ್ತಿದ್ದಾಗ ಫಿಟ್ಸ್ ಬಂದು ಬಿದ್ದರು. ಸ್ಟೇರಿಂಗ್ ಹಿಡಿದಿದ್ದಾಗ ಬರಲಿಲ್ಲವಲ್ಲ, ಪುಣ್ಯ, ಎಂದು ಬಂದವರೆಲ್ಲ ಹೇಳಿದರು. ಅವರಿಗೆ ಅದೇ ಮುಳ್ಳಾಯಿತು. ಹಿಡಿದಿದ್ದರೆ? ಬೀಳುವ ಮೊದಲು ಎಡಗಣ್ಣಿನ ಅಂಚಿನಲ್ಲಿ ಬಣ್ಣದ ಚುಕ್ಕಿಗಳು ಕಂಡವಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು, ಬಸ್ಸು ಬಿಡಿಸಿದರು. ಆಟದ ವಿಷಯ ನಾನೇ ಕೇಳಿದ್ದೆ. ಹಗಲು ಹೊತ್ತಿನಲ್ಲಿ, ಸ್ವಲ್ಪ ಹೊತ್ತು ಆಡಲಿ ಎಂದರು.

ಅದು ಬಸ್ಸು ಓಡಿಸುವ ಆಟ. ಯಾವುದೋ ದೇಶದ ರಸ್ತೆ, ಆಚೀಚೆ ಸೂಜಿಯಂಥ ಮರಗಳು. ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೂತರೆಂದರೆ ಆ ದೇಶದ ಸ್ಟಾಪಿಗೆಲ್ಲ ನಮ್ಮ ಕಡೆಯ ಊರುಗಳ ಹೆಸರು. "ಅನಕೆರೆ ಗೇಟು, ಇಳ್ಕಳ್ರವ್ವ, ಬಿರ್ರನೆ!" ಎದುರಿಗೆ ಲಾರಿ ಬಂದರೆ, "ಲೇ, ನಿಮ್ಮಪ್ಪನ ರೋಡೇನ್ಲಾ?" ನಾನು ಅವರಿಗೆ ಬೆನ್ನು ಹಾಕಿ ಬಾಗಿಲ ಬೆಳಕಿನಲ್ಲಿ ಸೊಪ್ಪು ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಮತ್ತೆ ಅವರ ದನಿ ಬಂದಿತ್ತು, ನನಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಆಟ ನಡುವೆಯೇ ನಿಲ್ಲತೊಡಗಿತು. ಪರದೆ ಕಪ್ಪಾಗುತ್ತಿತ್ತು, ಒಳಗಿನ ಫ್ಯಾನು ಬುಸುಗುಡುತ್ತಿತ್ತು. ಮೊದಮೊದಲು ಬೈದರು. ಆಮೇಲೆ ಬೈಯುವುದನ್ನೂ ಬಿಟ್ಟು ಸುಮ್ಮನೆ ಎದ್ದು ಹೋಗಿ ಮಲಗತೊಡಗಿದರು. ಉಣ್ಣುವಾಗ ತೂಕಡಿಸುವರು, ಮುದ್ದೆ ಕೈಯಲ್ಲೇ ಇರುವುದು. ನೀರಿನ ಬಿಂದಿಗೆ ಎತ್ತಿದರೆ ವಾಲುವರು. ಇನ್ನೂ ಇರಬೇಕಾಗಿದ್ದ ಮಾತ್ರೆಯ ಪಟ್ಟಿ ಒಂದು ದಿನ ನೋಡಿದರೆ ಖಾಲಿ. ಕೇಳಿದರೆ, "ಎಲ್ಲೋ ಬಿದ್ದೋಗಿರ್ಬೇಕು ಬುಡು," ಎಂದರು.

ಕಾಯಿಲೆಯದು ಒಂದು ಕಡೆ ಇರಲಿ, ಆಟವನ್ನಾದರೂ ಸರಿ ಮಾಡಿಸೋಣವೆಂದು ತಮ್ಮನಿಗೆ ಫೋನು ಮಾಡಿದೆ.

"ಸೆಟ್ಟಿಂಗಲ್ಲಿ ನೆರಳು ಅಂತ ಇರ್ತದೆ ಕಣಕ್ಕ, ಅದ್ನ ತಗುದ್ಬುಡು. ಕಾರ್ಡಿಗೆ ಬಾರ ಕಮ್ಮಿ ಆಯ್ತದೆ."

ಕಾರ್ಡೆಂದರೆ ಚಿತ್ರ ಮೂಡಿಸುವ ಹಲಗೆ, ಡಬ್ಬದ ಒಳಗಿರುತ್ತದೆ, ಎಂದು ಅವನೇ ತಿಳಿಸಿದ. ನೆರಳು ತೆಗೆದೆ. ಯಜಮಾನರು ಕೂತು ನೋಡಿ, "ಇದೇನೇ, ಒಂದು ಮರುಕ್ಕೂ ನೆಳ್ಳಿಲ್ಲ, ದೆವ್ವದೂರು ಇದ್ದಂಗದೆ," ಎಂದರು. ಅಷ್ಟರಲ್ಲೇ ಪರದೆ ಮತ್ತೆ ಕಪ್ಪಾಯಿತು. ಅವರು ಎದ್ದು ಹಿತ್ತಲಿಗೆ ಹೋದರು. ನಾನು ಮತ್ತೆ ಫೋನು ಮಾಡಿ, ಎರಡೂ ಕೈಗೆ ಕೆಲಸ ಇರಲೆಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಅಂಗಾರೆ ಡ್ರೈವರ್ ಕೆಟ್ಟೋಗದೆ ಕಣಕ್ಕ," ಎಂದ ತಮ್ಮ. "ಇನ್ನು ಅದ್ನ ಇಟ್ಕಂಡು ಪ್ರಯೋಜ್ನ ಇಲ್ಲ. ಅಳೇ ಡ್ರೈವರ್ನ ಪೂರ್ತಿ ಕಿತ್ತಾಕು, ಚೂರೂ ಉಳೀಬಾರ್ದು. ಆಮೇಲೆ ಒಸ ಡ್ರೈವರ್ ಆಕವ."

ತಿರುಗಿ ನೋಡಿದರೆ ಹಿತ್ತಲ ಬಾಗಿಲಲ್ಲಿ ಯಜಮಾನರು. ಕಾಲು ತೊಳೆದ ಚೊಂಬು ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟು, ನನ್ನ ಮುಂದೆಯೇ ನಡುಮನೆ ದಾಟಿ ಬೀದಿ ಕಡೆಗೆ ಹೋದರು.

"ಯಾವ ಡ್ರೈವರ್ನ್ಲಾ ನೀನು ಯೋಳ್ತಿರೋದು?" ಎಂದು ಕಿರುಚಿದೆ.

"ಕಾರ್ಡಿನ ಡ್ರೈವರ್ ಕಣಕ್ಕ! ಕಾರ್ಡ್ ನಡ್ಸೋ ಸಾಫ್ಟ್‌ವೇರಿಗೆ ಅಂಗೇ ಅನ್ನೋದು. ಯಾಕೆ?"

ಹೊರಗೆ ಜಗಲಿಯ ಮೇಲೆ ಕೂತಿದ್ದರು. ಸಾಫ್ಟ್‌ವೇರು, ಕಾರ್ಡು ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. ಕೇಳಿಸಿಕೊಂಡು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

"ಅವನು ಯಾವುದುಕ್ಕಾರ ಅನ್ಲಿ, ಮಾತು ಸರೀನೇ ಅದೆ. ಡ್ರೈವರ್ ಕೆಟ್ಟೋಗವ್ನೆ ಕಣೇ. ಚುಕ್ಕೆ ಮತ್ತೆ ಬತ್ತಾ ಅವೆ."

ಪರದೆ ಕಪ್ಪಾಗುವ ಮೊದಲು ಪ್ರತಿ ಸಲವೂ ಚುಕ್ಕಿ ಕಾಣುತ್ತಿದ್ದವಂತೆ. ಫಿಟ್ಸೇ ತಿರುಗಿ ಬರುತ್ತಿದೆಯೆಂದು ಹೆದರಿ, ನನಗೂ ಹೇಳದೆ, ಮಾತ್ರೆಯನ್ನು ಎರಡೆರಡು ನುಂಗುತ್ತಿದ್ದರು. ಆಗ ನನಗೆ ಒಂದು ಹೊಳೆಯಿತು: ಇಷ್ಟು ದಿನ ನಾನು ಆ ಪರದೆಯ ಕಡೆ ನೋಡಿಯೇ ಇಲ್ಲ.

"ಬನ್ನಿ, ಇನ್ನೊಂದು ಕಿತ ಓಡ್ಸಿ. ನಾನೂ ಪಕ್ಕದಲ್ಲಿ ಕೂತ್ಕತೀನಿ."

ಬರಲೊಲ್ಲೆ ಎಂದರು. ಆಮೇಲೆ ಬಂದರು. ಬಸ್ಸು ಹೊರಟಿತು. ಈ ಸಲ ಸ್ಟಾಪಿನ ಹೆಸರು ಕೂಗಲಿಲ್ಲ. ಒಂದು ತಿರುವಿನಲ್ಲಿ ಮರಗಳ ತಲೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಏನೋ ಉದುರಿತು.

"ಚುಕ್ಕಿ! ನನಗೂ ಕಂಡ್ತು ಕಣ್ರೀ!"

"ಸಮಾಧಾನಕ್ಕೆ ಯೋಳ್ಬೇಡ. ಯಾವ ಬಣ್ಣ ಯೋಳು?"

"ಹಸುರು. ಎಡಗಡೆ, ಮರದ ಮೇಲೆ. ಈಗ ರೋಡಿನ ಮೇಲೂ ಬಂದ್ವು, ಚೌಕಚೌಕ."

ಪರದೆ ಕಪ್ಪಾಯಿತು. ಅವರು ಸ್ಟೇರಿಂಗು ಬಿಡಲಿಲ್ಲ. "ಹಸುರೇ," ಎಂದರು. ಆದರೂ ನಂಬಿದ ಮುಖವಲ್ಲ ಅದು.

ಭಾನುವಾರ ತಮ್ಮ ಬೈಕಿನಲ್ಲಿ ಬಂದು ಡಬ್ಬ ಬಿಚ್ಚಿದ. ಕಾರ್ಡಿನ ಫ್ಯಾನುಗಳಲ್ಲಿ ಒಂದು ಅಲ್ಲಾಡುತ್ತಲೇ ಇರಲಿಲ್ಲ. ಬೂದಿ, ಮೇಲೆ ಅಂಟಂಟು ಮಸಿ. ಬೆರಳಲ್ಲಿ ಒರೆಸಿ ಮೂಸಿ ನೋಡಿದ.

"ಭಾವ, ಇದುಕ್ಕೆ ಊದ್ಬತ್ತಿ ಅಚ್ಚಿದ್ರಾ?"

"ಸುಕ್ರುವಾರ ಸುಕ್ರುವಾರ. ಪೂಜೆ ಮಾಡ್ದೆ ಗಾಡಿ ಎತ್ತದು ಎಂಗ್ಲಾ?"

ಬಸ್ಸಿನಲ್ಲಿ ಮಾಡುತ್ತಿದ್ದಂತೆಯೇ ಇದಕ್ಕೂ ಕುಂಕುಮವಿಟ್ಟು, ಪಕ್ಕದ ಜಾಲರಿಯ ತೂತಿಗೆ ಕಡ್ಡಿ ಸಿಕ್ಕಿಸುತ್ತಿದ್ದರು. ಹೊಗೆ ನೆಟ್ಟಗೆ ಒಳಕ್ಕೆ ಹೋಗುತ್ತಿತ್ತು. ದೇವರು ತಗೋತಾ ಅವ್ನೆ ನೋಡು ಎಂದು ನನ್ನನ್ನೂ ಕರೆದು ತೋರಿಸಿದ್ದರು. ನಾನೂ ಕೈ ಮುಗಿದಿದ್ದೆ.

"ದೇವ್ರಲ್ಲ ಭಾವ, ಫ್ಯಾನು. ಒಗೆ ಕುಡ್ದೂ ಕುಡ್ದೂ ಗಾಡಿಗೆ ಉಸ್ರು ಕಟ್ಟೋಗದೆ," ಎಂದು ನಗುತ್ತಾ ಪೇಂಟಿನ ಬ್ರಷ್ಷಿನಲ್ಲಿ ಉಜ್ಜಿದ. ಡ್ರೈವರನ್ನೂ ತೆಗೆದು ಹೊಸದು ಹಾಕಿದ. ಆ ಹೆಸರನ್ನು ಮಾತ್ರ ಬಾಯಿಗೆ ತರದೆ "ಸಾಫ್ಟ್‌ವೇರು" ಎಂದೇ ಅಂದ. ಇಷ್ಟು ಮಾಡಿದರೂ ಚುಕ್ಕಿ ಹೋಗಲಿಲ್ಲ. ಇನ್ನು ಮಂಡ್ಯಕ್ಕೇ ಒಯ್ಯಬೇಕೆಂದು ಕಾರ್ಡನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿಕೊಟ್ಟ.

ಮಾರನೆಯ ದಿನ ನಾವಿಬ್ಬರೂ ಮಂಡ್ಯಕ್ಕೆ ಹೋದೆವು. ರಿಪೇರಿ ಅಂಗಡಿಯವರು ನಮ್ಮ ಕಾರ್ಡನ್ನು ತಮ್ಮ ಮೆಷಿನ್ನಿಗೆ ಹಾಕಿದರು. ಅಲ್ಲಿಯೂ ಅದೇ ಹಸಿರು ಚುಕ್ಕಿ. ತೆಗೆದು ಬೇರೆ ಕಾರ್ಡು ಹಾಕಿದರೆ ಪರದೆ ತಿಳಿನೀರಿನ ಹಾಗೆ. ಯಜಮಾನರು ನಮ್ಮದನ್ನು ಇನ್ನೊಮ್ಮೆ ಹಾಕಿಸಿ ನೋಡಿದರು. ಅಂಗಡಿಯವರಿಗೆ ಬೇಸರವಾದದ್ದು ಕಾಣುತ್ತಿತ್ತು, ಆದರೂ ಹಾಕಿದರು. "ಶಾಖಕ್ಕೆ ಕಾರ್ಡಿನ ಚಿಪ್ಪೇ ಹೋಗಿದೆ, ಇದು ರಿಪೇರಿ ಆಗಲ್ಲ," ಎಂದರು.

ಅಲ್ಲಿಂದ ಡಾಕ್ಟರ ಹತ್ತಿರ ಹೋದೆವು. ಎರಡೆರಡು ಮಾತ್ರೆಯ ವಿಷಯ ನಾನೇ ಹೇಳಿದೆ. ಡಾಕ್ಟರು ಚೆನ್ನಾಗಿ ಬೈದರು. ವಾಲುವುದು, ತೂಕಡಿಸುವುದು ಎಲ್ಲ ಅದರಿಂದಲೇ ಎಂದರು. ನಿಮ್ಮ ಹೆಂಡತಿಗೂ ಕಂಡ ಚುಕ್ಕಿ ನಿಮ್ಮ ಕಾಯಿಲೆ ಹೇಗಾಗುತ್ತದೆ ಎಂದು ಕೇಳಿದರು. ಇವರು ತಲೆ ತಗ್ಗಿಸಿ, "ಅಂಗಾರೆ ಫಿಟ್ಸು ಇನ್ನು ಬರಕಿಲ್ವಾ ಸಾರ್?" ಎಂದರು. ಅಷ್ಟು ಮಾತ್ರ ನಾನು ಹೇಳಲಾರೆ ಎಂದುಬಿಟ್ಟರು ಡಾಕ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಡ್ರೈವರ ಹಿಂದಿನ ಸೀಟು ಖಾಲಿಯಿತ್ತು. ಎಂದೂ ಅಲ್ಲೇ ಕೂರುವವರು ಅಂದು ಅದನ್ನು ದಾಟಿ ಹಿಂದಕ್ಕೆ ಹೋದರು. ಹೊಸ ಕಾರ್ಡು ಹಾಕಿಸೋಣವಾ ಎಂದೆ. "ನೋಡವ ಬುಡು," ಎಂದು ಕಿಟಕಿಯ ಕಡೆ ತಿರುಗಿದರು. ಹನಕೆರೆ ದಾಟಿದ ಮೇಲೆ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದರು.

"ಅಲ್ಲಿ, ಬೆಳ್ಳಗೆ. ನಿಂಗೂ ಕಾಣ್ತದಾ?"

"ಕೊಕ್ಕರೆ ಕಣ್ರೀ. ಗದ್ದೇಲಿ ನಿಂತವೆ."

ಆ ಗದ್ದೆ ಹಿಂದೆ ಸರಿದು ಹೋದರೂ ಕೈ ಸಡಿಲವಾಗಲಿಲ್ಲ.

ಈಗ ದಿನವೂ ಕೇಳುತ್ತಾರೆ. ಒಗ್ಗರಣೆಯ ಹೊಗೆಯಲ್ಲಿ ಏನೋ ಮಿನುಗಿದರೆ, ಬಿಸಿಲಿನ ಕೋಲಿನಲ್ಲಿ ಧೂಳು ಆಡಿದರೆ, "ನಿಂಗೂ ಕಾಣ್ತದಾ?" ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗಿ, ಅವರ ಪಕ್ಕದಲ್ಲಿ ನಿಂತು, ಅವರು ನೋಡುವ ಕಡೆಯೇ ನೋಡಿ "ಹೂಂ, ಕಾಣ್ತದೆ" ಎನ್ನುತ್ತೇನೆ. ಇದುವರೆಗೂ ಸುಳ್ಳು ಹೇಳುವ ಪ್ರಸಂಗ ಬಂದಿಲ್ಲ. ಅವರು ಕರೆದಾಗಲೆಲ್ಲ, ಎದ್ದು ಹೋಗುವಷ್ಟು ಹೊತ್ತು, ಈ ಸಲ ನನಗೆ ಕಾಣದೇ ಹೋದರೆ ಎಂಬುದೇ ನನ್ನ ದಿಗಿಲು.