ಹಿರೇಮದ್ದು ಮತ್ತು ಮಧ್ಯಾಹ್ನದ ರಕ್ತ

ಮೊದಲು ಹೋದದ್ದು ಆಸೆ. ಸುಸ್ತು ಆಮೇಲೆ ಬಂತು.

ನನಗೆ ಇಪ್ಪತ್ತೊಂಬತ್ತು, ಮದುವೆಯಾಗಿ ಎರಡು ವರ್ಷ. ಸಂಕೇಶ್ವರದ ಕಡೆ ಸಕ್ಕರೆ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಪಾಳಿ. ರಜೆಯ ದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಹೆಂಡತಿ ರೇಣುಕಾ ಕೇಳಿದಳು: “ನಾ ಏನರ ತಪ್ಪ ಮಾಡೇನೇನ್ರಿ? ಮೂಡಲಗಿಗೆ, ತವರಿಗೆ ಹೋಗಿ ಇರ್ಲೇನು?”

“ಸುಸ್ತಾಗೇತಿ, ಅಷ್ಟ,” ಎಂದೆ.

ಅವಳಿಗೆ ಹೇಳದೆ ಹುಕ್ಕೇರಿಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟೆ. ಪಾಳಿ ಮುಗಿಸಿ, ನಿದ್ದೆಗೆಟ್ಟ ಮೈಯಲ್ಲಿ, ಉಂಡು, ಮಧ್ಯಾಹ್ನ ಮೂರಕ್ಕೆ.

ಟೆಸ್ಟೋಸ್ಟೆರಾನ್, ಅಂದರೆ ಗಂಡಸರ ಹಾರ್ಮೋನ್, ಕಡಿಮೆ.

ಗಂಡಸರ ಮಾತು ಗಂಡಸರಲ್ಲೇ ಇರಲಿ ಎಂದು ಕಣಗಲಾ ಊರಿನಲ್ಲಿರುವ ನಮ್ಮ ಕಾಕಾನಿಗೆ ಮಾತ್ರ ರಿಪೋರ್ಟ್ ತೋರಿಸಿದೆ. ಅವನು ಅಶ್ವಗಂಧದ ಪುಡಿ ತಂದ; ನಮ್ಮ ಕಡೆ ಅದು ಹಿರೇಮದ್ದು.

“ಹೆಸರ ಹಿರೇಮದ್ದು ಐತಿ ನೋಡಲೇ. ಸಣ್ಣ ಮದ್ದಿಗೆ ಯಾರರ ಹಂಗ ಅಂತಾರೇನು?”

“ಹೆಸರು ಪುರಾವೆ ಅಲ್ಲ ಕಾಕಾ. ನಿನ್ನ ಹೆಸರ ಭೀಮಪ್ಪ. ಒಂದ ಜೋಳದ ಚೀಲ ಎತ್ತಾಕ ಇಬ್ಬರು ಬೇಕು.”

“ನಿನ್ನ ಬಾಯಾಗಿನ ಶಕ್ತಿ ಮೈಗೆ ಇಳದಿದ್ರ ಈ ಪುಡಿ ಯಾಕ ಬೇಕಿತ್ತು?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಪುರಾವೆ ಕೆದಕುವುದೇ ನನ್ನ ಪಾಲಿನ ಕೆಲಸವಾಗಿತ್ತು. ಹುಡುಕಿ ಓದಿದೆ. ಅಶ್ವಗಂಧದ ಅಧ್ಯಯನಗಳಿವೆ, ಹೆಚ್ಚಿನವು ಸಣ್ಣವು, ಕೆಲವೇ ವಾರಗಳವು. ಕೆಲವರಲ್ಲಿ ಹಾರ್ಮೋನ್ ತುಸು ಏರಿದೆ, ಆದರೆ ಅವರಲ್ಲಿ ಬಹಳ ಜನಕ್ಕೆ ನನ್ನ ತೊಂದರೆಯೇ ಇರಲಿಲ್ಲ. ಇದೇ ತೊಂದರೆಗೆ ಕೊಡುವ ನೆಗ್ಗಿಲು ಮುಳ್ಳಿನ ಪರವಾಗಿ ಇನ್ನೂ ಕಡಿಮೆ ಆಧಾರ. ಕಾಕಾ ಗುಣವಾದವರ ಹೆಸರು ಹೇಳುತ್ತಿದ್ದ. ಆಗದವರನ್ನು ಎಣಿಸಿದವರು ಯಾರು?

ಇಷ್ಟೆಲ್ಲ ವಾದಿಸಿ, ಮರುದಿನದಿಂದ ಪುಡಿಯನ್ನು ಹಾಲಿಗೆ ಹಾಕಿ ಕುಡಿದೆ.

ಆರು ವಾರ. ಅಷ್ಟರಲ್ಲಿ ಹಂಗಾಮು ಮುಗಿದು ರಾತ್ರಿ ನಿದ್ದೆ ಸಿಗತೊಡಗಿತ್ತು. ಈ ಸಲ ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಅಂಕಿ ಏರಿತ್ತು.

“ಸೋತಿ ಹೌದಲ್ಲೋ!” ಎಂದ ಕಾಕಾ.

ಗೋಕಾಕದ ಡಾಕ್ಟರು ಎರಡೂ ರಿಪೋರ್ಟ್ ನೋಡಿ ಕೇಳಿದ್ದು ಒಂದೇ: “ಮೊದಲನೇದು ಎಷ್ಟ ಗಂಟೆಕ್ಕ ಕೊಟ್ರಿ?” ಹೇಳಿದೆ. “ಈ ಹಾರ್ಮೋನ್ ಬೆಳಿಗ್ಗೆ ಏರಿರತೈತಿ, ಮಧ್ಯಾಹ್ನಕ್ಕ ಇಳೀತೈತಿ. ನಿದ್ದಿ ಇಲ್ಲಂದ್ರೂ ಇಳೀತೈತಿ. ಇವೆರಡನ್ನ ಹೋಲಿಸಾಕ ಬರಂಗಿಲ್ರಿ.”

ವೇಳೆ ಬರೆಯದ ಕಬ್ಬಿನ ರಸದ ಸ್ಯಾಂಪಲ್ ಬಂದರೆ ಸಿಂಕಿಗೆ ಸುರಿಯುವವನು ನಾನು. ನನ್ನ ರಕ್ತದ ವೇಳೆ ಮಾತ್ರ ನೋಡಲಿಲ್ಲ. ಏರಿದ್ದು ಪುಡಿಯಿಂದಲೋ, ನಿದ್ದೆಯಿಂದಲೋ, ಬರೀ ಗಡಿಯಾರದಿಂದಲೋ? ಕಾಕಾ ಗೆದ್ದಿರಲಿಲ್ಲ. ನಾನೂ ಗೆದ್ದಿರಲಿಲ್ಲ.

ಪುಡಿ ನಿಲ್ಲಿಸಿ, ಅದು ಅಪರೂಪಕ್ಕೆ ಲಿವರಿಗೆ ತೊಂದರೆ ಕೊಡುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಲಿವರ್ ಟೆಸ್ಟ್ ಮಾಡಿಸಿ, ಕೆಲವು ವಾರ ಬಿಟ್ಟು ಎರಡು ಬೆಳಿಗ್ಗೆ ಮತ್ತೆ ರಕ್ತ ಕೊಟ್ಟೆ. ಲಿವರ್ ಸರಿಯಿತ್ತು.

ಟೆಸ್ಟೋಸ್ಟೆರಾನ್ ಎರಡೂ ಸಲ ತುಸು ಕಡಿಮೆ.

“ಹಾರ್ಮೋನ್ ಇಂಜೆಕ್ಷನ್ ಕೊಡ್ರಿ,” ಎಂದೆ.

“ಮುಂದ ಮಗು ಬೇಕಂದೀರಿ, ಅಂಥೋರಿಗೆ ಅದನ್ನ ಕೊಡಂಗಿಲ್ರಿ. ವೀರ್ಯಾಣು ಕಡಿಮಿ ಆಗ್ತಾವು. ಮೊದಲ ಮನಿಯವರನ್ನ ಕರ್ಕೊಂಡು ಬರ್ರಿ.”

ಮನೆಯವಳಿಗೆ ಏನೂ ಗೊತ್ತಿರಲಿಲ್ಲ.

ಸಂಜೆ ರೇಣುಕಾಳನ್ನು ಕೂರಿಸಿಕೊಂಡು, ಮೊದಲನೆಯ ಅಂಶ, ಎರಡನೆಯ ಅಂಶ ಎಂದು ಶುರುಮಾಡಿದೆ. ಅವಳು ತಡೆದಳು. “ಭಾಷಣ ಬ್ಯಾಡ್ರಿ. ಅಂದ್ರ, ತಪ್ಪು ನಂದಲ್ಲ?”

“ಅಲ್ಲ.”

ಬಹಳ ಹೊತ್ತು ಅತ್ತಳು. ಆಮೇಲೆ ಸಿಟ್ಟು. “ಕಾಕಾಗ ಹೇಳಾಕ ಬಂತು, ನನಗ ಹೇಳಾಕ ಬಾಯಿ ಇರಲಿಲ್ಲೇನು?”

ಮುಚ್ಚಿಟ್ಟಿದ್ದ ರಿಪೋರ್ಟುಗಳನ್ನೆಲ್ಲ ತಂದು ಅವಳ ಮುಂದಿಟ್ಟೆ.

ಸುಸ್ತು ಇನ್ನೂ ಇದೆ. ಮುಂದಿನ ಹಂಗಾಮಿನಲ್ಲಿ ಹಗಲು ಪಾಳಿ ಬೇಕೆಂದು ಅರ್ಜಿ ಕೊಟ್ಟಿದ್ದೇನೆ. ಗುರುವಾರ ಇಬ್ಬರೂ ಗೋಕಾಕಕ್ಕೆ ಹೋಗುತ್ತೇವೆ. ಡಾಕ್ಟರಿಗೆ ಕೇಳಬೇಕಾದ್ದನ್ನು ರೇಣುಕಾ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾಳೆ. ಓದಿದೆ. ನನ್ನ ಪ್ರಶ್ನೆಗಳಿಗಿಂತ ಹರಿತವಾಗಿವೆ.